ಮೈಮೇಲೆ ಧರಿಸುವ ಧೂಳುಮಾಪಕಗಳು: ನವಲಗುಂದ, ಅಣ್ಣಿಗೇರಿ, ಕುಂದಗೋಳ ಮತ್ತು ಕಲಘಟಗಿ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಗಾಳಿಯಲ್ಲಿ ತೇಲುವ ಕಣಗಳನ್ನು ಎರಡು ವಿಧಗಳಲ್ಲಿ ಅಳೆಯಲಾಗುತ್ತದೆ. ಮೊದಲನೆಯದು, ಒಂದು ಸ್ಥಳದಲ್ಲಿ ಸ್ಥಿರವಾಗಿ ನಿಲ್ಲಿಸಿದ ಕೇಂದ್ರದ ಮೂಲಕ ಆ ಪ್ರದೇಶದ ಗಾಳಿಯನ್ನು ಅಳೆಯುವುದು. ಎರಡನೆಯದು, ವ್ಯಕ್ತಿಯೊಬ್ಬರ ಮೈಮೇಲೆ ಚಿಕ್ಕ ಉಪಕರಣವನ್ನು ತೊಡಿಸಿ, ಅವರು ದಿನವಿಡೀ ಎಲ್ಲೆಲ್ಲಿ ಸಂಚರಿಸುವರೋ ಅಲ್ಲಲ್ಲಿ ಅವರ ಮೂಗಿನ ಸಮೀಪಕ್ಕೆ ಬರುವ ಗಾಳಿಯನ್ನು ಅಳೆಯುವುದು. ಮೊದಲನೆಯದರ ಫಲಿತಾಂಶವು ಊರಿಗೆ ಸಂಬಂಧಿಸಿದ್ದು. ಎರಡನೆಯದರ ಫಲಿತಾಂಶವು ವ್ಯಕ್ತಿಗೆ ಸಂಬಂಧಿಸಿದ್ದು. ಈ ಎರಡನೆಯದನ್ನು ವೈಯಕ್ತಿಕ ಒಡ್ಡಿಕೆಯ ಮಾಪನ ಎಂದು ಕರೆಯಲಾಗುತ್ತದೆ.

ಧಾರವಾಡ ಜಿಲ್ಲೆಯ ಗ್ರಾಮೀಣ ತಾಲ್ಲೂಕುಗಳ ನಿವಾಸಿಗಳಿಗೆ ಈ ವ್ಯತ್ಯಾಸವು ವಿಶೇಷವಾಗಿ ಅನ್ವಯಿಸುತ್ತದೆ. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿರಂತರ ಮಾಪನ ಕೇಂದ್ರಗಳು ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿಯೂ ನೆರೆಯ ಗದಗಿನ ಪಂಚಾಲ ನಗರದಲ್ಲಿಯೂ ಸ್ಥಾಪಿತವಾಗಿವೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಬೆಂಗಳೂರು, ದಾವಣಗೆರೆ ಮತ್ತು ಕಲಬುರಗಿಯೊಂದಿಗೆ ಹುಬ್ಬಳ್ಳಿ-ಧಾರವಾಡ ಅವಳಿನಗರವೂ ಸೇರಿದ್ದರಿಂದ ಎಲ್ಲರ ಗಮನವು ಸಹಜವಾಗಿಯೇ ನಗರದ ಕಡೆಗೆ ಹರಿದಿದೆ. ಹುಬ್ಬಳ್ಳಿ ಮತ್ತು ಗದಗಿನ ನಡುವಿನ ಹೆದ್ದಾರಿಯ ಮೇಲಿರುವ ಅಣ್ಣಿಗೇರಿಯಲ್ಲಿ ಅರಳೆ ಬಿಡಿಸುವ ಯಂತ್ರದ ಬಳಿ ನಿಂತ ಕೂಲಿಯಾಳು ಸೇವಿಸುವ ಗಾಳಿಯನ್ನು ಈ ಎರಡು ಕೇಂದ್ರಗಳ ಪೈಕಿ ಯಾವುದೂ ಹೇಳಲಾರದು. ಕುಂದಗೋಳದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಮಹಿಳೆ, ಕಲಘಟಗಿಯಲ್ಲಿ ಕಟ್ಟಿಗೆಯ ಒಲೆಯ ಮುಂದೆ ಕುಳಿತ ಗೃಹಿಣಿ, ನವಲಗುಂದದ ಕಣದಲ್ಲಿ ಕಡಲೆ ಒಕ್ಕುವ ರೈತ, ಇವರ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ.

ಧೂಳಿನಿಂದ ಆರೋಗ್ಯಕ್ಕೆ ತೊಂದರೆಯಾಗಿದೆ ಎಂದು ದೂರು, ತಪಾಸಣಾ ಕೋರಿಕೆ ಅಥವಾ ಪರಿಹಾರದ ಅರ್ಜಿಯನ್ನು ಸಲ್ಲಿಸಲು ಉದ್ದೇಶಿಸಿರುವವರು ಯಾವ ಮಾಪನವು ಯಾವುದಕ್ಕೆ ಉಪಯುಕ್ತ, ಯಾವುದು ದಾಖಲೆಯಾಗಿ ನಿಲ್ಲುತ್ತದೆ ಮತ್ತು ಯಾವ ಸಂದರ್ಭದಲ್ಲಿ ಮಾಪನವೇ ಅಗತ್ಯವಿಲ್ಲ ಎಂಬುದನ್ನು ತಿಳಿದುಕೊಳ್ಳಲು ಅನುಕೂಲವಾಗುವಂತೆ ಈ ವಿವರಗಳನ್ನು ನೀಡಲಾಗಿದೆ.

ಕಣದ ಗಾತ್ರ ಮತ್ತು ಮಿತಿಗಳು

10 ಮೈಕ್ರಾನ್ ಮತ್ತು ಅದಕ್ಕಿಂತ ಚಿಕ್ಕದಾದ ಕಣಗಳನ್ನು ಪಿಎಂ 10 ಎಂದೂ, 2.5 ಮೈಕ್ರಾನ್ ಮತ್ತು ಅದಕ್ಕಿಂತ ಚಿಕ್ಕದಾದವನ್ನು ಪಿಎಂ 2.5 ಎಂದೂ ಗುರುತಿಸಲಾಗುತ್ತದೆ. ಮನುಷ್ಯನ ತಲೆಗೂದಲಿನ ದಪ್ಪವು ಸುಮಾರು 50ರಿಂದ 70 ಮೈಕ್ರಾನ್ ಎಂಬುದನ್ನು ನೆನೆದರೆ ಇವುಗಳ ಗಾತ್ರವು ಅಂದಾಜಿಗೆ ಬರುತ್ತದೆ. ಕಾರ್ಖಾನೆಗಳಲ್ಲಿ ಇವೆರಡರ ಜೊತೆಗೆ ಮೂರನೆಯ ಅಳತೆಯೂ ಬಳಕೆಯಲ್ಲಿದೆ. ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲ ಧೂಳು ಎಂಬುದು ಅದರ ಹೆಸರು. ಅದನ್ನು 4 ಮೈಕ್ರಾನಿನ ಆಸುಪಾಸಿನಲ್ಲಿ ವಿಭಜಿಸಲಾಗುತ್ತದೆ.

ಹೊರಗಿನ ಗಾಳಿಗೆ 2009ರ ರಾಷ್ಟ್ರೀಯ ಮಾನದಂಡದಂತೆ ಪಿಎಂ 2.5ರ ಮಿತಿಯು ಘನ ಮೀಟರಿಗೆ 24 ಗಂಟೆಗಳ ಸರಾಸರಿ 60 ಮೈಕ್ರೋಗ್ರಾಂ ಹಾಗೂ ವಾರ್ಷಿಕ ಸರಾಸರಿ 40 ಮೈಕ್ರೋಗ್ರಾಂ ಆಗಿರುತ್ತದೆ. ಪಿಎಂ 10ಕ್ಕೆ ಇವು ಅನುಕ್ರಮವಾಗಿ 100 ಮತ್ತು 60. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಪಿಎಂ 2.5ಕ್ಕೆ ಸೂಚಿಸಿದ ಪ್ರಮಾಣ ಇದಕ್ಕಿಂತ ಬಹಳ ಕಡಿಮೆ: 24 ಗಂಟೆಗಳಿಗೆ 15, ವರ್ಷಕ್ಕೆ 5 ಮೈಕ್ರೋಗ್ರಾಂ. ಈ ಮಿತಿಗಳು ಊರಿನ ಗಾಳಿಗೆ ವಿಧಿಸಿದವುಗಳೇ ಹೊರತು ವ್ಯಕ್ತಿಯ ಮೈಮೇಲಿನ ಉಪಕರಣಕ್ಕೆ ವಿಧಿಸಿದವಲ್ಲ. ಆದುದರಿಂದ ಧರಿಸಿದ ಉಪಕರಣದ ಅಂಕಿಯನ್ನು ಇವುಗಳೊಂದಿಗೆ ಹೋಲಿಸಿ ನೋಡಬಹುದು; ಆದರೆ ಹೋಲಿಕೆಯ ಆಧಾರದ ಮೇಲೆ ಮಾತ್ರ ಉಲ್ಲಂಘನೆಯನ್ನು ಆರೋಪಿಸಲು ಬರುವುದಿಲ್ಲ.

ಸರಾಸರಿಯ ಲೆಕ್ಕ

ಧರಿಸಿದ ಉಪಕರಣದಿಂದ ಬರುವ ಫಲಿತಾಂಶವು ಒಂದು ಸರಾಸರಿಯಾಗಿರುತ್ತದೆ. ಬ್ಯಾಂಕಿನಲ್ಲಿ ಖಾತೆಯ ಸರಾಸರಿ ಶಿಲ್ಕನ್ನು ಎಷ್ಟು ದಿನ ಎಷ್ಟು ಮೊತ್ತವಿತ್ತು ಎಂಬುದರ ಮೇಲೆ ಕಂಡುಹಿಡಿಯುವಂತೆಯೇ ಇಲ್ಲಿ ಎಷ್ಟು ಹೊತ್ತು ಎಷ್ಟು ಧೂಳಿತ್ತು ಎಂಬುದನ್ನು ಗುಣಿಸಿ, ಕೂಡಿಸಿ, ಒಟ್ಟು ಅವಧಿಯಿಂದ ಭಾಗಿಸಲಾಗುತ್ತದೆ. ಉದಾಹರಣೆಗೆ, ಊರಿನ ಗಾಳಿಯಲ್ಲಿ ಪಿಎಂ 2.5ರ ಪ್ರಮಾಣ 40 ಮೈಕ್ರೋಗ್ರಾಂ ಇದೆಯೆಂದು ಭಾವಿಸೋಣ. ಒಬ್ಬ ಮಹಿಳೆಯು ಬೆಳಿಗ್ಗೆ ಮತ್ತು ಸಂಜೆ ಸೇರಿ 3 ಗಂಟೆ ಕಾಲ ಒಲೆಯ ಬಳಿ 600 ಮೈಕ್ರೋಗ್ರಾಂ ಇರುವ ಹೊಗೆಯಲ್ಲಿದ್ದು, ಉಳಿದ 21 ಗಂಟೆಗಳನ್ನು ಊರಿನ ಗಾಳಿಯಲ್ಲಿ ಕಳೆದರೆ ಲೆಕ್ಕವು 1,800 ಮತ್ತು 840, ಒಟ್ಟು 2,640; ಇದನ್ನು 24ರಿಂದ ಭಾಗಿಸಿದಾಗ 110. ಕೇಂದ್ರದ ಅಂಕಿ 40 ಎಂದು ತೋರುತ್ತಿರುವ ದಿನವೇ ಆ ಮಹಿಳೆಯ ಅಂಕಿ 110 ಆಗಿರುತ್ತದೆ. ಎರಡೂ ಸರಿಯಾದ ಅಂಕಿಗಳೇ.

ಇದೇ ಲೆಕ್ಕದ ಇನ್ನೊಂದು ಮುಖವೂ ಇದೆ. 110 ಎಂಬ ಒಂದೇ ಅಂಕಿಯನ್ನು ಅರ್ಜಿಯಲ್ಲಿ ನಮೂದಿಸಿದರೆ ಅದು ಅಡುಗೆಮನೆಯಿಂದ ಬಂದಿತೋ, ಪಕ್ಕದ ಕಲ್ಲುಪುಡಿ ಘಟಕದಿಂದ ಬಂದಿತೋ ತಿಳಿಯುವುದಿಲ್ಲ. ವೇಳೆವಾರು ವಿವರವಿಲ್ಲದ ಸರಾಸರಿಯು ಯಾರ ಮೇಲೂ ಹೊಣೆಯನ್ನು ನಿಗದಿಪಡಿಸಲಾರದು. ಅರ್ಜಿದಾರರು ಉಪಕರಣಕ್ಕೆ ಕೊಡುವಷ್ಟೇ ಮಹತ್ವವನ್ನು ದಿನಚರಿ ಹಾಳೆಗೂ ಕೊಡಬೇಕಾದುದು ಈ ಕಾರಣದಿಂದಲೇ.

ಉಪಕರಣಗಳ ವಿಧಗಳು

ತೂಕದ ಪದ್ಧತಿಯ ಉಪಕರಣವು ಹಳೆಯದೂ ಹೆಚ್ಚು ವಿಶ್ವಾಸಾರ್ಹವೂ ಆದುದು. 1960ರಲ್ಲಿ ಇಂಗ್ಲೆಂಡಿನ ಹಾರ್ವೆಲ್ ಅಣುಶಕ್ತಿ ಸಂಸ್ಥೆಯ ಷೆರ್ವುಡ್ ಮತ್ತು ಗ್ರೀನ್‌ಹಾಲ್ಜ್ ಎಂಬವರು ಮೈಮೇಲೆ ಧರಿಸುವ ಮಾದರಿ ಸಂಗ್ರಾಹಕವನ್ನು ಪ್ರಕಟಪಡಿಸಿದರು. ಕೋಣೆಯ ಗಾಳಿಯ ಅಳತೆಗೂ ಅದೇ ಕೋಣೆಯಲ್ಲಿ ದುಡಿಯುವವನ ಉಸಿರಿನ ಅಳತೆಗೂ ತಾಳೆಯಾಗುವುದಿಲ್ಲ ಎಂಬುದು ಅದರಿಂದ ಸ್ಪಷ್ಟವಾಯಿತು. ಇಂದಿಗೂ ಅದರ ರಚನೆ ಹೆಚ್ಚು ಬದಲಾಗಿಲ್ಲ. ನಡುಪಟ್ಟಿಗೆ ಬ್ಯಾಟರಿಯ ಪಂಪ್, ಅಲ್ಲಿಂದ ಭುಜದ ಮೇಲೆ ಹಾಯ್ದುಬರುವ ನಳಿಕೆ, ಕೊರಳಪಟ್ಟಿಯ ಬಳಿ ಸೋಸುಕಾಗದವಿರುವ ಡಬ್ಬಿ. ದೊಡ್ಡ ಕಣಗಳನ್ನು ಸುಳಿಗಾಳಿಯ ತತ್ವದಿಂದ ಬೇರ್ಪಡಿಸುವ ಸಣ್ಣ ಸಾಧನವನ್ನು ಡಬ್ಬಿಯ ಮುಂದೆ ಜೋಡಿಸಲಾಗುತ್ತದೆ. ಪಂಪ್ ನಿಮಿಷಕ್ಕೆ ಸುಮಾರು 2 ಲೀಟರ್ ಗಾಳಿಯನ್ನು ಎಳೆದರೆ 8 ಗಂಟೆಯ ಪಾಳಿಯಲ್ಲಿ 960 ಲೀಟರ್, ಅಂದರೆ 0.96 ಘನ ಮೀಟರ್ ಆಗುತ್ತದೆ. ಸೋಸುಕಾಗದದ ತೂಕವು ಪಾಳಿಯ ನಂತರ 0.48 ಮಿಲಿಗ್ರಾಂ ಹೆಚ್ಚಾಗಿದ್ದರೆ ಆ ಕಾರ್ಮಿಕನ ಒಡ್ಡಿಕೆಯು ಘನ ಮೀಟರಿಗೆ 0.5 ಮಿಲಿಗ್ರಾಂ.

ಇಷ್ಟು ಅಲ್ಪ ತೂಕವನ್ನು ಅಳೆಯಬೇಕಾದುದರಿಂದ ತಕ್ಕಡಿಯು ಮೈಕ್ರೋಗ್ರಾಂ ಮಟ್ಟದ್ದಾಗಿರಬೇಕು. ಕಾಗದವನ್ನು ನಿಯಂತ್ರಿತ ತೇವಾಂಶದ ಕೋಣೆಯಲ್ಲಿ ಇರಿಸಿದ ನಂತರವೇ ತೂಗತಕ್ಕದ್ದು. ಗಾಳಿಯನ್ನು ಎಳೆಯದ ಒಂದು ಖಾಲಿ ಕಾಗದವನ್ನೂ ಜೊತೆಗೆ ಒಯ್ದು ತಂದು ತೂಗಿ ನೋಡತಕ್ಕದ್ದು. ಪಂಪಿನ ವೇಗವನ್ನು ಪಾಳಿಯ ಮೊದಲು ಮತ್ತು ನಂತರ ಪರಿಶೀಲಿಸಿದಾಗ ಶೇಕಡಾ 5ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಆ ಮಾದರಿಯನ್ನು ಸಾಮಾನ್ಯವಾಗಿ ತಿರಸ್ಕರಿಸಲಾಗುತ್ತದೆ. ಈ ಪದ್ಧತಿಯ ಕೊರತೆಯೆಂದರೆ ಪಾಳಿಯ ಕೊನೆಗೆ ಒಂದೇ ಅಂಕಿ ದೊರೆಯುತ್ತದೆ; ಯಾವ ಗಳಿಗೆಯಲ್ಲಿ ಧೂಳು ಏರಿತು ಎಂಬುದು ತಿಳಿಯುವುದಿಲ್ಲ.

ಬೆಳಕಿನ ಪದ್ಧತಿಯ ಉಪಕರಣಗಳು ಇತ್ತೀಚಿನವು. ಅಂಗೈಯಗಲದ ಪೆಟ್ಟಿಗೆಯೊಳಗೆ ಲೇಸರ್ ಕಿರಣದ ಮುಂದೆ ಹಾಯುವ ಕಣಗಳು ಚದುರಿಸುವ ಬೆಳಕಿನಿಂದ ಅವುಗಳ ಸಂಖ್ಯೆಯನ್ನು ಎಣಿಸಿ, ಸಾಂದ್ರತೆಯನ್ನು ಊಹಿಸಿಕೊಂಡು ತೂಕವನ್ನು ಅಂದಾಜು ಮಾಡಲಾಗುತ್ತದೆ. ಕ್ಷಣಕ್ಷಣದ ಅಂಕಿಯು ಮೊಬೈಲಿನಲ್ಲಿಯೇ ಕಾಣುತ್ತದೆ. ಅಂಗಡಿಯಲ್ಲಿ ದೊರೆಯುವ ಬಹುತೇಕ ಉಪಕರಣಗಳು ಈ ವರ್ಗಕ್ಕೆ ಸೇರಿದವು. ಇಲ್ಲಿ ತೂಕವು ಅಂದಾಜಾಗಿರುತ್ತದೆಯೇ ಹೊರತು ತೂಗಿದ್ದಲ್ಲ ಎಂಬುದನ್ನು ಮರೆಯಬಾರದು. ತೇವಾಂಶವು ಹೆಚ್ಚಿದಾಗ ಕಣಗಳು ನೀರನ್ನು ಹೀರಿ ಉಬ್ಬುವುದರಿಂದ ಅಂಕಿಯು ವಾಸ್ತವಕ್ಕಿಂತ ಮೇಲೇರುತ್ತದೆ. ಮಳೆಗಾಲದ ಕಲಘಟಗಿಯಲ್ಲಿ ಅಥವಾ ಚಳಿಗಾಲದ ಮುಂಜಾವಿನ ಮಂಜಿನಲ್ಲಿ ತೆಗೆದ ಅಂಕಿಗಳನ್ನು ಈ ಎಚ್ಚರದೊಂದಿಗೆ ಓದತಕ್ಕದ್ದು. ಅದಕ್ಕೆ ವ್ಯತಿರಿಕ್ತವಾಗಿ, ದಪ್ಪ ಕಣಗಳು ಸಣ್ಣ ಬೀಸಣಿಗೆಯ ಎಳೆತಕ್ಕೆ ಸಿಗದೆ ಹೊರಗೇ ಉಳಿಯುವುದರಿಂದ ಮಣ್ಣಿನ ಧೂಳಿನಲ್ಲಿ ಪಿಎಂ 10ರ ಅಂಕಿಯು ವಾಸ್ತವಕ್ಕಿಂತ ಬಹಳ ಕೆಳಗೆ ತೋರಬಹುದು. ಒಂದೇ ಉಪಕರಣವು ಒಂದು ತಾಲ್ಲೂಕಿನಲ್ಲಿ ಹೆಚ್ಚಾಗಿಯೂ ಇನ್ನೊಂದರಲ್ಲಿ ಕಡಿಮೆಯಾಗಿಯೂ ತೋರುವುದು ಹೀಗೆ.

ಎರಡೂ ಪದ್ಧತಿಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿದ ಉಪಕರಣಗಳನ್ನು ಸಂಶೋಧಕರು ಬಳಸುತ್ತಾರೆ. ದಕ್ಷಿಣ ಭಾರತದಲ್ಲಿ ಇವುಗಳ ದೊಡ್ಡ ಬಳಕೆಯು ತಮಿಳುನಾಡಿನ ವಿಳುಪ್ಪುರಂ ಮತ್ತು ನಾಗಪಟ್ಟಿಣಂ ಜಿಲ್ಲೆಗಳಲ್ಲಿ ನಡೆಯಿತು. ಭಾರತ, ಗ್ವಾಟೆಮಾಲ, ಪೆರು ಮತ್ತು ರುವಾಂಡಾಗಳ ಸುಮಾರು 3,200 ಗರ್ಭಿಣಿಯರನ್ನು ಒಳಗೊಂಡ ಹಾಪಿನ್ ಎಂಬ ಅಧ್ಯಯನದಲ್ಲಿ ಅರ್ಧದಷ್ಟು ಮಂದಿಗೆ ಅಡುಗೆ ಅನಿಲವನ್ನು ಒದಗಿಸಿ, ಉಪಕರಣವನ್ನು ತೊಡಿಸಿ 24 ಗಂಟೆಗಳ ಒಡ್ಡಿಕೆಯನ್ನು ಅಳೆಯಲಾಯಿತು. 2022ರಲ್ಲಿ ಪ್ರಕಟವಾದ ಫಲಿತಾಂಶದಂತೆ ಪಿಎಂ 2.5ರ ಸರಾಸರಿಯು ಕಟ್ಟಿಗೆ ಮೊದಲಾದವನ್ನು ಉರಿಸುವವರಲ್ಲಿ 103.3 ಹಾಗೂ ಅನಿಲ ಬಳಸಿದವರಲ್ಲಿ 35.0 ಮೈಕ್ರೋಗ್ರಾಂ ಇದ್ದಿತು. ಇಷ್ಟಾದರೂ ಹುಟ್ಟಿದ ಶಿಶುಗಳ ತೂಕದಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ಉಪಕರಣವು ಒಡ್ಡಿಕೆಯನ್ನು ಹೇಳುತ್ತದೆ, ರೋಗವನ್ನು ಹೇಳುವುದಿಲ್ಲ; ರೋಗಕ್ಕೆ ವೈದ್ಯಕೀಯ ತಪಾಸಣೆಯೇ ಆಗಬೇಕು.

ಯಾವ ಧೂಳಿಗೆ ಯಾವ ಮಾಪನ

ಅರಳೆಯ ಧೂಳು: ಅಣ್ಣಿಗೇರಿ ಮತ್ತು ನವಲಗುಂದದ ಎರೆಭೂಮಿಯ ಹತ್ತಿಯೊಂದಿಗೆ ಎಲೆಚೂರು, ಕಾಯಿಸಿಪ್ಪೆ ಮತ್ತು ಮಣ್ಣು ಜಿನ್ನಿಂಗ್ ಕಾರ್ಖಾನೆಗೆ ಬರುತ್ತವೆ. ಗಿಡದ ಚೂರಿಗೆ ಅಂಟಿದ ಬ್ಯಾಕ್ಟೀರಿಯಗಳ ಒಳವಿಷವೇ ಉಸಿರಾಟದ ತೊಂದರೆಗೆ ಮುಖ್ಯ ಕಾರಣವೆಂದು ತಿಳಿದುಬಂದಿದೆ. ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ಎಂಬ ರೋಗದ ಲಕ್ಷಣವು ವಿಲಕ್ಷಣವಾದುದು. ವಾರದ ರಜೆಯ ಮರುದಿನ ಕೆಲಸಕ್ಕೆ ಬಂದ ಕೆಲವು ಗಂಟೆಗಳಲ್ಲಿ ಎದೆ ಬಿಗಿಯುತ್ತದೆ. ಮುಂದಿನ ದಿನಗಳಲ್ಲಿ ಸಡಿಲಾಗುತ್ತದೆ. ವರ್ಷಗಳು ಕಳೆದಂತೆ ಬಿಗಿತವು ಎಲ್ಲ ದಿನಗಳಿಗೂ ಹರಡಿ, ಕೊನೆಗೆ ಶ್ವಾಸಕೋಶದ ಶಕ್ತಿ ಶಾಶ್ವತವಾಗಿ ಕುಂದಬಹುದು. ಮೊದಲ ಹಂತದಲ್ಲಿ ಇದನ್ನು ಶೀತವೆಂದೋ ಬೀಡಿಯ ಕೆಮ್ಮೆಂದೋ ಬಿಟ್ಟುಬಿಡುವುದು ಸುಲಭ. ಆದುದರಿಂದ ಜಿನ್ನಿಂಗ್ ಕಾರ್ಮಿಕರ ಮಾಪನವನ್ನು ರಜೆಯ ಮರುದಿನ ಮಾಡಿಸಿ, ಅದೇ ದಿನ ಪಾಳಿಯ ಮೊದಲು ಮತ್ತು ನಂತರ ಉಸಿರಿನ ಊದುಪರೀಕ್ಷೆಯನ್ನೂ ಮಾಡಿಸಿದರೆ ಎರಡೂ ಒಂದಕ್ಕೊಂದು ಪೂರಕವಾಗುತ್ತವೆ.

ಇಲ್ಲಿ ತಾಂತ್ರಿಕವಾದ ಒಂದು ಸೂಕ್ಷ್ಮವನ್ನು ಅರ್ಜಿದಾರರು ಅವಶ್ಯವಾಗಿ ತಿಳಿದಿರತಕ್ಕದ್ದು. 1948ರ ಕಾರ್ಖಾನೆಗಳ ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿ ಕಚ್ಚಾ ಹತ್ತಿಯ ಧೂಳಿಗೆ ಘನ ಮೀಟರಿಗೆ 0.2 ಮಿಲಿಗ್ರಾಂ ಮಿತಿಯನ್ನು ವಿಧಿಸಲಾಗಿತ್ತು. ಆ ಅಂಕಿಯು ಮೂಲತಃ ಲಂಬ ಸೋಸುಗೊಳವೆ ಎಂಬ ನಿಲ್ಲಿಸಿಡುವ ಉಪಕರಣದ ಅಳತೆಗೆ ಹೊಂದಿಸಿದುದು. ನೂಲಿನ ಎಳೆಗಳನ್ನು ಕೆಳಗೆ ಬಿಟ್ಟು ಸಣ್ಣ ಧೂಳನ್ನು ಮಾತ್ರ ಮೇಲಕ್ಕೆ ಎಳೆದುಕೊಳ್ಳುವ ಆ ಗೊಳವೆಯನ್ನು ಮೈಮೇಲೆ ಧರಿಸಲು ಆಗುವುದಿಲ್ಲ. ಕೊರಳಿಗೆ ಸಿಕ್ಕಿಸಿದ ತೆರೆದ ಡಬ್ಬಿಯೊಳಗೆ ಅರಳೆಯ ಎಳೆಯೂ ಸೇರುವುದರಿಂದ ಅದರ ಅಂಕಿಯು ಹೆಚ್ಚಾಗಿ ಬರುತ್ತದೆ. ಸುಳಿಗಾಳಿ ಸಾಧನವಿದ್ದರೆ ಕಡಿಮೆ ಬರುತ್ತದೆ. ಹೀಗಾಗಿ ಧರಿಸಿದ ಉಪಕರಣದಲ್ಲಿ 0.4 ಬಂದಿದೆ, ಮಿತಿಯ ಎರಡು ಪಟ್ಟು ಎಂದು ಬರೆದರೆ ಪದ್ಧತಿಯ ವ್ಯತ್ಯಾಸವನ್ನು ಮುಂದೊಡ್ಡಿ ಅದನ್ನು ಅಲ್ಲಗಳೆಯಲು ಎದುರುದಾರರಿಗೆ ಅವಕಾಶವಾಗುತ್ತದೆ. ಧರಿಸುವ ಉಪಕರಣದಿಂದ ಯಂತ್ರಕ್ಕೆ ಹತ್ತಿ ಉಣಿಸುವವರು, ಅಂಡಿಗೆ ಒತ್ತುವವರು, ಕಸ ಗುಡಿಸುವವರು ಇವರಲ್ಲಿ ಯಾರಿಗೆ ಹೆಚ್ಚು ಧೂಳು ಎಂಬುದನ್ನು ತೋರಿಸಿ, ಮಿತಿಯ ಪ್ರಶ್ನೆಗೆ ನಿಗದಿತ ಪದ್ಧತಿಯ ಮಾಪನವನ್ನು ಕೋರುವುದು ಸರಿಯಾದ ಕ್ರಮ. ಗುಡಿಸುವವರ ಪಾಳಿಯನ್ನು ಎಲ್ಲರೂ ಮರೆಯುತ್ತಾರೆ. ಯಂತ್ರ ನಿಂತ ನಂತರ ಪೊರಕೆ ಹಿಡಿಯುವ ಅವರಿಗೆ ಉಪಕರಣವನ್ನು ತೊಡಿಸದೆ ಮಾಡಿದ ಸಮೀಕ್ಷೆಯು ಅಪೂರ್ಣ.

ಕಲ್ಲಿನ ಧೂಳು: ಕಲ್ಲುಪುಡಿ ಘಟಕಗಳಲ್ಲಿ ಸಿಲಿಕಾದ ಪ್ರಮಾಣವೇ ಮುಖ್ಯ. ಮೇಲ್ಕಂಡ ಅನುಸೂಚಿಯಂತೆ ಆಳಕ್ಕೆ ಇಳಿಯುವ ಧೂಳಿನ ಮಿತಿಯನ್ನು, ಧೂಳಿನಲ್ಲಿನ ಸ್ಫಟಿಕ ಸಿಲಿಕಾದ ಶೇಕಡಾವಾರಿಗೆ 2ನ್ನು ಕೂಡಿಸಿ, 10ನ್ನು ಆ ಮೊತ್ತದಿಂದ ಭಾಗಿಸಿ ಕಂಡುಕೊಳ್ಳಲಾಗುತ್ತಿತ್ತು. ಶೇಕಡಾ 30 ಸಿಲಿಕಾ ಇದ್ದರೆ ಮಿತಿಯು ಸುಮಾರು 0.31 ಮಿಲಿಗ್ರಾಂ ಆಗುತ್ತದೆ. ಲೇಸರ್ ಉಪಕರಣವು ಸಿಲಿಕಾವನ್ನು ಬೇರೆ ಧೂಳಿನಿಂದ ಗುರುತಿಸಲಾರದು. ಇಲ್ಲಿ ತೂಕದ ಪದ್ಧತಿಯೂ ಪ್ರಯೋಗಾಲಯದ ವಿಶ್ಲೇಷಣೆಯೂ ಅನಿವಾರ್ಯ.

ಮೆಣಸಿನಕಾಯಿಯ ಘಾಟು: ಕುಂದಗೋಳ ಭಾಗದಲ್ಲಿ ಬೆಳೆಯುವ ಬ್ಯಾಡಗಿ ತಳಿಯ ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದು ಪ್ರಸಿದ್ಧ. ಆದರೂ ತೊಟ್ಟು ಬಿಡಿಸುವ, ಒಣಗಿಸುವ, ಕುಟ್ಟುವ ಸ್ಥಳಗಳಲ್ಲಿ ಕೆಮ್ಮು, ಕಣ್ಣುರಿ ತಪ್ಪಿದ್ದಲ್ಲ. ಉಪಕರಣವು ಧೂಳಿನ ತೂಕವನ್ನು ಅಳೆಯುತ್ತದೆ. ಅದರ ಖಾರವನ್ನು ಅಳೆಯುವುದಿಲ್ಲ. ಬಹಳ ಕಡಿಮೆ ಅಂಕಿ ತೋರಿದಾಗಲೂ ಕೆಮ್ಮು ಬರಬಹುದು. ಅಂಕಿ ಕಡಿಮೆ ಇದೆ ಎಂಬ ಕಾರಣಕ್ಕೆ ತೊಂದರೆಯೇ ಇಲ್ಲವೆಂದು ತೀರ್ಮಾನಿಸುವುದು ಸರಿಯಲ್ಲ. ಲಕ್ಷಣಗಳ ವಿವರವನ್ನು ವೈದ್ಯರ ಚೀಟಿಯೊಂದಿಗೆ ಪ್ರತ್ಯೇಕವಾಗಿ ಸಲ್ಲಿಸತಕ್ಕದ್ದು.

ಕಣದ ಧೂಳು: ನವಲಗುಂದದಲ್ಲಿ ಹೆಸರು, ಕಡಲೆ, ಜೋಳಗಳ ರಾಶಿಯ ಕಾಲದಲ್ಲಿ ಏಳುವ ಧೂಳಿನಲ್ಲಿ ಎರೆಮಣ್ಣಿನ ದಪ್ಪ ಕಣಗಳೂ ಹೊಟ್ಟೂ ಬೂಷ್ಟಿನ ಬೀಜಕಗಳೂ ಇರುತ್ತವೆ. ಈ ಕೆಲಸ ವರ್ಷದಲ್ಲಿ ಕೆಲವೇ ದಿನಗಳು ಇರುವುದರಿಂದ ವಾರ್ಷಿಕ ಸರಾಸರಿಯಲ್ಲಿ ಅದು ಕರಗಿಹೋಗುತ್ತದೆ. ರಾಶಿಯ ದಿನಗಳಲ್ಲಿಯೇ ಅಳೆದರೆ ಮಾತ್ರ ಪ್ರಯೋಜನವುಂಟು.

ಒಲೆಯ ಹೊಗೆ: ಅಡವಿಯ ಸೆರಗಿನಲ್ಲಿರುವ ಕಲಘಟಗಿಯಲ್ಲಿ ಕಟ್ಟಿಗೆ ಸುಲಭವಾಗಿ ದೊರೆಯುತ್ತದೆ. ಅಡುಗೆಯ ವೇಳೆ ಪಿಎಂ 2.5 ಸಾವಿರ ಮೈಕ್ರೋಗ್ರಾಂ ಮೀರುವುದು ಕಟ್ಟಿಗೆಯ ಒಲೆಯ ಮನೆಗಳಲ್ಲಿ ಅಪರೂಪವಲ್ಲ. ಹೊಗೆಯ ಕಣಗಳು ಬಹುತೇಕ ಅತಿ ಸಣ್ಣವಾದುದರಿಂದ ಲೇಸರ್ ಉಪಕರಣವು ಇಲ್ಲಿ ಉಪಯುಕ್ತ. ಏರಿಳಿತವನ್ನು ವೇಳೆಸಹಿತ ತೋರಿಸುವುದೇ ಅದರ ಗುಣ. ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಒಲೆಯಿಂದ ಹಿಡಿದು 2016ರ ಉಜ್ವಲ ಯೋಜನೆಯವರೆಗೆ ಒಲೆಯ ಸುಧಾರಣೆಗೆ ನಡೆದ ಪ್ರಯತ್ನಗಳ ಅನುಭವವೆಂದರೆ, ಹೊಸ ಒಲೆ ಬಂದ ಮನೆಯಲ್ಲಿ ಹಳೆಯ ಒಲೆಯೂ ಉರಿಯುತ್ತಲೇ ಇರುತ್ತದೆ. ಕೊಪ್ಪಳ ಜಿಲ್ಲೆಯ ಗ್ರಾಮಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಕಂಡಿತು. ಸ್ನಾನದ ನೀರು ಕಾಯಿಸುವ ಹಂಡೆಯೊಲೆಯನ್ನು ಯಾರೂ ಒಲೆಯೆಂದು ಎಣಿಸುವುದಿಲ್ಲ, ಉಪಕರಣವು ಎಣಿಸುತ್ತದೆ.

ಮನೆಯಲ್ಲಿ ಕುಳಿತು ಜಮಖಾನೆ ನೇಯುವ ನವಲಗುಂದದ ಮಹಿಳೆಯರು ಮತ್ತು ಕಲಘಟಗಿಯ ತೊಟ್ಟಿಲು ಮಾಡುವ ಕುಶಲಕರ್ಮಿಗಳು ಕಾರ್ಖಾನೆಯ ವ್ಯಾಖ್ಯೆಯೊಳಗೆ ಬರುವುದಿಲ್ಲ. ನೂಲಿನ ನಯ, ಮರ ಉಜ್ಜುವಾಗಿನ ಪುಡಿ ಇವರಿಗೂ ತಪ್ಪಿದ್ದಲ್ಲ. ಮಾಪನಕ್ಕೆ ಒಳಪಡಿಸಬೇಕಾದ ಮಾಲೀಕನೇ ಇಲ್ಲದಿರುವುದರಿಂದ ಇಂಥವರಿಗೆ ಧರಿಸುವ ಉಪಕರಣವು ಸ್ವಂತ ಎಚ್ಚರಿಕೆಗೆ, ಉದಾಹರಣೆಗೆ ಕಿಟಕಿ ತೆರೆದಾಗ ಅಂಕಿ ಎಷ್ಟು ಇಳಿಯಿತು ಎಂದು ನೋಡಿಕೊಳ್ಳುವುದಕ್ಕೆ, ನೆರವಾಗಬಲ್ಲದು.

ಧರಿಸುವಾಗ ಅನುಸರಿಸತಕ್ಕ ಕ್ರಮ

ಗಾಳಿ ಎಳೆಯುವ ಬಾಯಿಯು ಮೂಗು ಮತ್ತು ಬಾಯಿಯಿಂದ 30 ಸೆಂಟಿಮೀಟರ್ ಒಳಗೆ ಇರತಕ್ಕದ್ದು. ಸೀರೆಯ ಸೆರಗು, ಹೆಗಲ ಮೇಲಿನ ಟವೆಲು ಅಥವಾ ರುಮಾಲಿನ ಅಂಚು ಅದನ್ನು ಮುಚ್ಚದಂತೆ ನೋಡಿಕೊಳ್ಳತಕ್ಕದ್ದು. ಸ್ನಾನ ಮತ್ತು ನಿದ್ರೆಯ ವೇಳೆ ತೆಗೆದು ಹಾಸಿಗೆಯ ಎತ್ತರದಲ್ಲಿ ಸಮೀಪವೇ ಇಡಬಹುದು. ಗೂಟಕ್ಕೆ ತೂಗುಹಾಕಿ ಕೆಲಸಕ್ಕೆ ಹೋದರೆ ಅದು ಗೂಟದ ಒಡ್ಡಿಕೆಯ ಮಾಪನವಾಗುತ್ತದೆ. ಮುಖಗವಸನ್ನು ಧರಿಸಿದ್ದರೂ ಉಪಕರಣವು ಗವಸಿನ ಹೊರಗಿನ ಗಾಳಿಯನ್ನೇ ಅಳೆಯುತ್ತದೆಯಾದುದರಿಂದ ಗವಸಿನ ಪ್ರಯೋಜನವು ಅಂಕಿಯಲ್ಲಿ ಕಾಣುವುದಿಲ್ಲ. ಅದನ್ನು ಬರೆದಿಡತಕ್ಕದ್ದು.

ದಿನಚರಿ ಹಾಳೆಯಲ್ಲಿ ಎದ್ದ ವೇಳೆ, ಕೆಲಸದ ವಿಧ, ಸ್ಥಳ, ಊಟದ ಬಿಡುವು, ಪ್ರಯಾಣ, ಅಡುಗೆಯ ವೇಳೆ ಇವುಗಳೊಂದಿಗೆ ಬೀಡಿ, ಊದಿನಕಡ್ಡಿ, ಲೋಬಾನ, ಸೊಳ್ಳೆಬತ್ತಿಗಳನ್ನೂ ನಮೂದಿಸತಕ್ಕದ್ದು. ತನಗೆ ಪ್ರತಿಕೂಲವಾದೀತೆಂಬ ಅಂಜಿಕೆಯಿಂದ ಬೀಡಿಯನ್ನು ಬಿಟ್ಟು ಬರೆದರೆ ವೇಳೆವಾರು ನಕ್ಷೆಯಲ್ಲಿ ಅದರ ಶಿಖರ ಕಾಣಿಸಿ ಇಡೀ ಹಾಳೆಯ ನಂಬಿಕೆಯೇ ಹೋಗುತ್ತದೆ. ಬರೆಯಲು ಬಾರದವರ ಪರವಾಗಿ ಮನೆಯವರು ಬರೆದು, ಬರೆದವರ ಹೆಸರನ್ನು ನಮೂದಿಸಬಹುದು. ಒಂದೇ ದಿನದ ಮಾಪನಕ್ಕಿಂತ ಬೇರೆ ಬೇರೆ ವಾರಗಳ ಎರಡು ಮೂರು ದಿನಗಳದ್ದು ಉತ್ತಮ.

ಅರ್ಜಿದಾರರ ಗಮನಕ್ಕೆ

1948ರ ಕಾರ್ಖಾನೆಗಳ ಕಾಯ್ದೆಯ ಸ್ಥಾನದಲ್ಲಿ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಅದರಂತೆ ವಿದ್ಯುತ್ ಬಳಸುವ ಕಡೆ 20 ಮತ್ತು ಬಳಸದಿರುವ ಕಡೆ 40 ಕಾರ್ಮಿಕರಿದ್ದರೆ ಕಾರ್ಖಾನೆ ಎನಿಸುತ್ತದೆ. ಹಿಂದಿನ ಕಾಯ್ದೆಯಲ್ಲಿ ಈ ಸಂಖ್ಯೆಗಳು 10 ಮತ್ತು 20 ಇದ್ದವು. ಋತುಮಾನದಲ್ಲಿ ಮಾತ್ರ ನಡೆಯುವ ಚಿಕ್ಕ ಜಿನ್ನಿಂಗ್ ಘಟಕಗಳು ಕಾರ್ಖಾನೆಯ ವ್ಯಾಖ್ಯೆಯಿಂದ ಹೊರಗುಳಿದರೂ 10 ಅಥವಾ ಹೆಚ್ಚು ಕಾರ್ಮಿಕರಿದ್ದಲ್ಲಿ ಸಂಹಿತೆಯ ಅರ್ಥದಲ್ಲಿ ಉದ್ಯಮಸಂಸ್ಥೆಗಳಾಗಿರುತ್ತವೆ. ಕೆಲಸದ ಸ್ಥಳದ ಸುರಕ್ಷತೆ ಮತ್ತು ಆರೋಗ್ಯಕ್ಕೆ ಸಂಬಂಧಿಸಿದ ಮಾಹಿತಿಯನ್ನು ಮಾಲೀಕರಿಂದ ಪಡೆಯುವ, ತೃಪ್ತಿಯಾಗದಿದ್ದರೆ ನಿರೀಕ್ಷಕ ಅಧಿಕಾರಿಗೆ ದೂರುವ ಹಕ್ಕು ಕಾರ್ಮಿಕರಿಗೆ ಇದೆ. ಬಿಸಿನೋಸಿಸ್ ಮತ್ತು ಸಿಲಿಕೋಸಿಸ್ ರೋಗಗಳು ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿದ್ದು, ಚಿಕಿತ್ಸೆ ನೀಡಿದ ವೈದ್ಯರೂ ವರದಿ ಮಾಡತಕ್ಕದ್ದು.

ಕೆಲಸದ ಸ್ಥಳದ ಧೂಳಿಗೆ ಸಂಬಂಧಿಸಿದ ಕೋರಿಕೆಯನ್ನು ಕಾರ್ಖಾನೆಗಳ ಇಲಾಖೆಗೂ, ಘಟಕದಿಂದ ಹೊರಬಿದ್ದು ಊರಿಗೆ ಹರಡುವ ಧೂಳಿನ ದೂರನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಧಾರವಾಡ ಪ್ರಾದೇಶಿಕ ಕಚೇರಿಗೂ ಸಲ್ಲಿಸತಕ್ಕದ್ದು. ಇವೆರಡನ್ನು ಒಂದೇ ಅರ್ಜಿಯಲ್ಲಿ ಬೆರೆಸಿದರೆ ಕಡತವು ಕಚೇರಿಗಳ ನಡುವೆ ಅಲೆದಾಡುತ್ತದೆ. ಮೊಬೈಲ್ ಪರದೆಯ ಚಿತ್ರವನ್ನಷ್ಟೇ ಲಗತ್ತಿಸಿದ ದೂರು ತಪಾಸಣೆಗೆ ಪ್ರೇರಣೆಯಾಗಬಹುದು. ಸಾಕ್ಷ್ಯವಾಗಿ ನಿಲ್ಲುವುದು ಕಷ್ಟ. ಉಪಕರಣದ ಮಾದರಿ, ಧರಿಸಿದ ದಿನಾಂಕ ಮತ್ತು ವೇಳೆ, ಕೆಲಸದ ವಿವರ, ದಿನಚರಿ ಹಾಳೆ, ಆ ದಿನ ಘಟಕವು ಪೂರ್ಣವಾಗಿ ನಡೆದಿತ್ತೇ ಎಂಬ ಹೇಳಿಕೆ ಇವು ಜೊತೆಗಿರತಕ್ಕದ್ದು. ತೂಕದ ಪದ್ಧತಿಯ ಮಾಪನವನ್ನು ಮಾನ್ಯತೆ ಪಡೆದ ಪ್ರಯೋಗಾಲಯದಿಂದಲೇ ಮಾಡಿಸುವುದು ಸೂಕ್ತ. ಔದ್ಯೋಗಿಕ ಆರೋಗ್ಯದ ಅಧ್ಯಯನ ನಡೆಸುವ ಪ್ರಾದೇಶಿಕ ಔದ್ಯೋಗಿಕ ಆರೋಗ್ಯ ಕೇಂದ್ರವು ಬೆಂಗಳೂರಿನಲ್ಲಿದೆ. ಇದು ಅಹಮದಾಬಾದಿನ ರಾಷ್ಟ್ರೀಯ ಸಂಸ್ಥೆಯ ಅಂಗವಾಗಿರುತ್ತದೆ.

ಪರಿಹಾರದ ಅರ್ಜಿಗೆ ಸಂಬಂಧಿಸಿದಂತೆ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸುವುದು ಅಗತ್ಯ. ಧೂಳಿನ ಅಳತೆಯ ವರದಿ ಇಲ್ಲದಿದ್ದರೆ ಪರಿಹಾರ ಕೇಳಲು ಬರುವುದಿಲ್ಲ ಎಂಬುದು ಸರಿಯಲ್ಲ. 1923ರ ನೌಕರರ ಪರಿಹಾರ ಕಾಯ್ದೆಯ ಮೂರನೆಯ ಅನುಸೂಚಿಯ 'ಸಿ' ಭಾಗದಲ್ಲಿ ಸಿಲಿಕೋಸಿಸ್ ಮತ್ತು ಹತ್ತಿಯ ಧೂಳಿನ ರೋಗಗಳು ಸೇರಿದ್ದವು. ಈಗ ಅದೇ ವ್ಯವಸ್ಥೆಯು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಮುಂದುವರಿದಿದೆ. ಅನುಸೂಚಿಯಲ್ಲಿ ಹೇಳಿದ ಉದ್ಯೋಗದಲ್ಲಿ ನಿಗದಿತ ಅವಧಿಯವರೆಗೆ, ಒಬ್ಬ ಅಥವಾ ಹಲವು ಮಾಲೀಕರ ಬಳಿ, ದುಡಿದವರಿಗೆ ಆ ರೋಗ ಬಂದರೆ, ವ್ಯತಿರಿಕ್ತವಾದುದು ರುಜುವಾತಾಗದ ಹೊರತು, ಅದು ಕೆಲಸದಿಂದಲೇ ಬಂದುದೆಂದು ಭಾವಿಸತಕ್ಕದ್ದು. ಅಂದರೆ ಧೂಳು ಇತ್ತೆಂದು ತೋರಿಸುವ ಭಾರ ಕಾರ್ಮಿಕನ ಮೇಲಿಲ್ಲ. ರೋಗವಿದೆ ಎಂಬುದನ್ನೂ ಎಷ್ಟು ಕಾಲ ದುಡಿದೆ ಎಂಬುದನ್ನೂ ತೋರಿಸಿದರೆ ಸಾಕು. ಗುತ್ತಿಗೆದಾರನ ಮೂಲಕ ಹಂಗಾಮಿಗೊಂದು ಕಾರ್ಖಾನೆಯಲ್ಲಿ ದುಡಿಯುವವರಿಗೆ ಕಷ್ಟವಾಗುವುದು ಈ ಎರಡನೆಯದೇ. ಕೂಲಿಚೀಟಿ, ಹಾಜರಿಪುಸ್ತಕದ ನಕಲು, ಬ್ಯಾಂಕಿಗೆ ಜಮೆಯಾದ ವೇತನದ ಪುಟ, ವಿಮಾ ಕಾರ್ಡು ಇವುಗಳನ್ನು ಹಂಗಾಮು ಮುಗಿದ ಕೂಡಲೇ ಒಂದೆಡೆ ತೆಗೆದಿರಿಸಿಕೊಳ್ಳತಕ್ಕದ್ದು. ಧರಿಸಿದ ಉಪಕರಣದ ವರದಿ ಇದ್ದರೆ ಅದು ಮಾಲೀಕರ ವ್ಯತಿರಿಕ್ತ ವಾದಕ್ಕೆ ಉತ್ತರವಾಗಿ ಒದಗುತ್ತದೆ.

ಹಿಂದೆ ಘಟಕದಲ್ಲಿ ನಡೆದ ಮಾಪನದ ವರದಿಯು ಸರ್ಕಾರಿ ಕಚೇರಿಯಲ್ಲಿದ್ದರೆ 2005ರ ಮಾಹಿತಿ ಹಕ್ಕು ಅಧಿನಿಯಮದಂತೆ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿ ಪ್ರತಿಯನ್ನು ಪಡೆಯಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಉತ್ತರಕ್ಕೆ 30 ದಿನಗಳ ಅವಧಿ ಇರುತ್ತದೆ. ಅರ್ಜಿಯಲ್ಲಿ ಘಟಕದ ಹೆಸರು, ಗ್ರಾಮ, ತಾಲ್ಲೂಕು ಮತ್ತು ವರ್ಷಗಳನ್ನು ಸ್ಪಷ್ಟವಾಗಿ ನಮೂದಿಸಿ, ಮಾಪನದ ಪದ್ಧತಿ ಮತ್ತು ಮಾದರಿ ತೆಗೆದ ಕೆಲಸದ ಸ್ಥಾನಗಳ ವಿವರವನ್ನೂ ಕೇಳತಕ್ಕದ್ದು. ಅಣ್ಣಿಗೇರಿಯು ನವಲಗುಂದದಿಂದ ಬೇರ್ಪಟ್ಟು ತಾಲ್ಲೂಕಾದುದರಿಂದ ಅಲ್ಲಿನ ಘಟಕಗಳ ಹಳೆಯ ವರ್ಷಗಳ ಕಾಗದಪತ್ರಗಳನ್ನು ಕೇಳುವಾಗ ಎರಡೂ ತಾಲ್ಲೂಕುಗಳ ಹೆಸರನ್ನು ಬರೆಯುವುದು ಒಳಿತು.